ನಲವತ್ತೆಂಟನೆಯ ಹಾಳೆ

"ನಲವತ್ತೇಳು," ಎಂದ ಪತ್ತೇದಾರ ಭೂತಗನ್ನಡಿ.

"ಆಗಲೇ ಎರಡು ಸಲ ಎಣಿಸಿದಿರಿ ಸಾರ್. ಮೂರನೇ ಸಲಕ್ಕೆ ಮರಿ ಹಾಕುತ್ತಾ?" ಎಂದರು ಕಂಪನಿಯ ವಕೀಲಮ್ಮ.

ಮರಿ ಹಾಕಲಿಲ್ಲ. ಮೂರನೇ ಸಲವೂ ನಲವತ್ತೇಳೇ.

ಸ್ಟುಡಿಯೋದ ಹಳೆ ಚಿತ್ರಗಳ ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟುಗಳು, ನಡುವೆ ಗಾಜಿನ ಹಾಸಿನ ಮೇಜು, ಗಾಜಿನ ಕೆಳಗೆ ಟ್ಯೂಬ್‌ಲೈಟು. ಆ ಬೆಳಕಿನ ಮೇಲೆ ಕೆಳ ಅಂಚಿನಲ್ಲಿ ಮೂರು ಮೂರು ತೂತು ಕೊರೆದ ಹಾಳೆಗಳು. ಒಂದೊಂದರಲ್ಲೂ ಪೆನ್ಸಿಲಿನಲ್ಲಿ ಬರೆದ ಅದೇ ಆಮೆ, ಹಾಳೆಯಿಂದ ಹಾಳೆಗೆ ಕೂದಲೆಳೆಯಷ್ಟು ಅಲ್ಲಾಡಿದ ಆಮೆ.

ಅವಸರದ ಆಮೆ! ಅದನ್ನು ನೋಡಿ ನಗದ ಮಗು ಎಲ್ಲಿದೆ? ಶಾಲೆ ಚೀಲದ ಮೇಲೆ ಅದೇ, ನೀರಿನ ಬಾಟಲಿ ಮೇಲೆ ಅದೇ, ಹಲ್ಲುಜ್ಜುವ ಬ್ರಷ್ಷಿನ ತುದಿಯಲ್ಲೂ ಅದೇ. ಆ ಆಮೆಯನ್ನು ಹೆತ್ತ ಈ ಕಾರ್ಟೂನ್ ಸ್ಟುಡಿಯೋವನ್ನು ಒಂದು ಭಾರೀ ಮನರಂಜನಾ ಕಂಪನಿ ಇವತ್ತು ಸಂಜೆ ನಾಲ್ಕಕ್ಕೆ ಕೊಂಡುಕೊಳ್ಳುವುದಿತ್ತು. ಕೆಳಗಿನ ಹಾಲಿನಲ್ಲಿ ಸಹಿಯ ಮೇಜು ಸಜ್ಜಾಗಿತ್ತು. ನಾಲ್ಕು ದಿನದ ಹಿಂದೆ ಕಂಪನಿಗೆ ಹೆಸರಿಲ್ಲದ ಕಾಗದವೊಂದು ಬಾರದೇ ಹೋಗಿದ್ದರೆ ಪತ್ತೇದಾರನಿಗೆ ಇಲ್ಲೇನೂ ಕೆಲಸವಿರಲಿಲ್ಲ.

"ಆಮೆ ಅದರ ಯಜಮಾನನದಲ್ಲ. ಮೊದಲ ಹಾಳೆಗಳ ಮೂಲೆ ನೋಡಿ." ಇಷ್ಟೇ. ಕಂಪ್ಯೂಟರಿನಲ್ಲಿ ಅಚ್ಚು ಹೊಡೆದದ್ದು, ಬೆರಳ ಗುರುತಿಲ್ಲ, ಸಹಿಯಿಲ್ಲ. ಅಕ್ಷರಗಳ ಮೇಲೊಂದು ತೆಳು ಬಟರ್ ಪೇಪರ್ ಹೊದಿಸಿ ಮಡಚಿದ್ದರು. ಎರಡು ಸಾಲಿಗೆ ಹೊದಿಕೆ ಯಾಕೆ ಬೇಕಿತ್ತೋ, ಅದೊಂದು ಅವನಿಗೆ ಬಗೆಹರಿದಿರಲಿಲ್ಲ.

"ನನಗೆ ಬೇಕಾದ್ದು ಒಂದೇ ಮಾತು," ವಕೀಲಮ್ಮ ಗಡಿಯಾರ ನೋಡಿದರು. ಹನ್ನೊಂದೂವರೆ. "ಬರೆದದ್ದು ಯಾರು? ಯಜಮಾನರೇ ಅಂದ್ರೆ ಸಹಿ ಆಗುತ್ತೆ. ಬೇರೆಯವರು ಅಂದ್ರೆ ಅವರನ್ನ ಕರೆಸಿ, ಅವರ ಹೆಸರು ಹಾಕಿ, ಅವರಿಗೆ ಸಲ್ಲಬೇಕಾದ್ದು ಸಲ್ಲಿಸಿ ಆಮೇಲೆ ಸಹಿ. ನೀವು ಏನು ಬರೆದುಕೊಡ್ತೀರೋ ಅದರ ಮೇಲೆ ನಿಂತಿದೆ."

"ಬರೆದುಕೊಡ್ತೀನಿ ಮೇಡಂ," ಎಂದ ಅವನು. ನೀರು ಕುಡಿದ.

ಈ ಕೇಸು ಒಪ್ಪಿಕೊಳ್ಳುವಾಗ ಅವನು ಒಂದು ವಿಷಯಕ್ಕೆ ಬಾಯಿಬಿಟ್ಟಿರಲಿಲ್ಲ. ಈ ಹಾಳೆಗಳನ್ನು ಅವನು ಮೊದಲೂ ಎಣಿಸಿದ್ದ.

ಹತ್ತೊಂಬತ್ತು ವರ್ಷದ ಹಿಂದೆ ಸ್ಟುಡಿಯೋ ಅಂದರೆ ಎರಡು ಕೋಣೆ, ಹನ್ನೆರಡು ಜನ. ಒಂದು ಕಟ್ಟು ಚಿತ್ರ ಕಳುವಾಗಿದೆ ಅಂತ ಯಜಮಾನ ಹೇಳಿಕಳಿಸಿದ್ದ. ಪತ್ತೇದಾರನ ಮೊಟ್ಟಮೊದಲ ಕೇಸು. ಎರಡೇ ದಿನದಲ್ಲಿ ಕಳ್ಳಿಯನ್ನು ಹಿಡಿದುಕೊಟ್ಟ. ಪತ್ರಿಕೆಯ ಮೂಲೆಯಲ್ಲಿ ಸುದ್ದಿ ಬಂತು, ಭೂತಗನ್ನಡಿ ಅನ್ನುವ ಹೆಸರೂ ಆ ಸುದ್ದಿಯಿಂದಲೇ ಬಂತು. ಆ ತುಣುಕು ಇವತ್ತಿಗೂ ಅವನ ಮನೆಯ ಗೋಡೆಯ ಮೇಲೆ ಚೌಕಟ್ಟು ಹಾಕಿಸಿಕೊಂಡು ಕೂತಿದೆ.

ಕಳ್ಳಿ ಅಂದರೆ ಅಲ್ಲೇ ಚಿತ್ರ ಬರೆಯುತ್ತಿದ್ದ ಹೆಂಗಸು. ಎಲ್ಲರೂ ಎಡಗೈ ಅಕ್ಕ ಅನ್ನುತ್ತಿದ್ದರು. ಕಟ್ಟು ಅವಳ ಮನೆಯ ಮಂಚದ ಕೆಳಗಿನ ಟ್ರಂಕಿನಲ್ಲಿದೆ ಎಂದು ಸುಳಿವು ಕೊಟ್ಟವಳು ಬಣ್ಣ ಬಳಿಯುವ ಕೋಣೆಯ ಹುಡುಗಿ, ಎಡಗೈ ಅಕ್ಕನ ಆಪ್ತ ಗೆಳತಿ. ಮರುವರ್ಷ ಭೂತಗನ್ನಡಿ ಮದುವೆಯಾದದ್ದು ಆ ಹುಡುಗಿಯನ್ನೇ.

ಅವನು ಬಾಡಿಗೆಗೆ ಕೋಣೆ ಹುಡುಕುವ ನೆಪ ಹೇಳಿಕೊಂಡು ಎಡಗೈ ಅಕ್ಕನ ಮನೆಗೆ ಹೋಗಿದ್ದ. ಅವಳು ಕೆಲಸಕ್ಕೆ ಹೋಗಿದ್ದಳು. ಅವಳಮ್ಮ, "ಬಿಸಿಲಲ್ಲಿ ಬಂದಿದ್ದೀಯಪ್ಪಾ, ಮೊದಲು ಉಣ್ಣು, ಕೋಣೆ ಮಾತು ಆಮೇಲೆ," ಎಂದು ಕೂರಿಸಿ ಬಡಿಸಿದಳು. ಬೇಡ ಬೇಡ ಅಂದರೂ ಎರಡನೇ ಸಲ ಬಡಿಸಿದಳು. ಉಪ್ಪು ತರಲು ಆ ತಾಯಿ ಪಕ್ಕದ ಮನೆಗೆ ಹೋದ ಮೇಲೆ ಇವನು ಎಂಜಲು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಟ್ರಂಕು ತೆಗೆದ. ಉಂಡ ಮನೆಯ ಜಂತಿ ಎಣಿಸುವುದು ಅಂತಾರಲ್ಲ, ಇವನು ಉಣ್ಣುತ್ತಿರುವಾಗಲೇ ಎಣಿಸಿದ್ದ.

"ಅದು ನಂದು ಸಾರ್," ಎಂದಿದ್ದಳು ಎಡಗೈ ಅಕ್ಕ, ಯಜಮಾನನ ಮುಂದೆ ನಿಲ್ಲಿಸಿದಾಗ. "ಇಲ್ಲಿ ಕೆಲಸಕ್ಕೆ ಸೇರೋ ಮುಂಚೆ ಬರೆದದ್ದು. ನೋಡ್ತೀನಿ ಅಂತ ಇವರು ಇಸ್ಕೊಂಡು ಕೊಡಲೇ ಇಲ್ಲ, ಅದಕ್ಕೇ ತಗೊಂಡೆ. ಕೊನೇ ಹಾಳೆ ನೋಡಿ, ನಲವತ್ತೆಂಟನೇದು. ಹೆಸರು, ತಾರೀಕು ಎಲ್ಲಾ ಹಾಕಿದ್ದೀನಿ."

ಇವನು ಎಣಿಸಿದ. ನಲವತ್ತೇಳಿತ್ತು. "ಆಪಾದಿತೆ ಹೇಳುವ ಹಾಳೆ ಇಲ್ಲವೇ ಇಲ್ಲ," ಎಂದು ವರದಿ ಬರೆದು ಸಹಿ ಮಾಡಿದ. ಕಳೆದುಹೋಗಿರಬಹುದೇ, ಯಾರಾದರೂ ತೆಗೆದಿರಬಹುದೇ ಎಂದು ಕೇಳುವಷ್ಟು ವ್ಯವಧಾನ ಇರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ. ಬೇರೆ ಯಾವ ಸ್ಟುಡಿಯೋವೂ ಆಮೇಲೆ ಅವಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಒಮ್ಮೆ, ವರ್ಷಗಳಾದ ಮೇಲೆ, ಸ್ಕೂಟರಿಗೆ ನಂಬರ್ ಪ್ಲೇಟ್ ಬರೆಸಲು ಒಂದು ಅಂಗಡಿಗೆ ಹೋಗಿದ್ದ. ಒಳಗೆ ಎಡಗೈಯಲ್ಲಿ ಕುಂಚ ಹಿಡಿದು ಬಗ್ಗಿ ಕೂತಿದ್ದವಳು ಅವಳೇ. ಇವನು ಸ್ಕೂಟರು ತಿರುಗಿಸಿಕೊಂಡು ಬಂದ. ಅವತ್ತಿನಿಂದ ಆ ರಸ್ತೆಯಲ್ಲಿ ಓಡಾಡುವುದನ್ನೇ ಬಿಟ್ಟ.

ಈಗ ಅವನು ಹಾಳೆಗಳನ್ನು ಮೇಜಿನ ಮೂರು ಗೂಟಗಳಿಗೆ ಸಿಕ್ಕಿಸಿ ಪಟಪಟನೆ ಮಗುಚಿದ. ಆಮೆ ಎದ್ದಿತು. ಚಿಪ್ಪಿನ ಬಾಗಿಲಿಗೆ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಗಡಿಬಿಡಿಯಲ್ಲಿ ಹೊರಟಿತು. ನಾಲ್ಕು ಹೆಜ್ಜೆ ಇಟ್ಟು ನಿಂತಿತು. ವಾಪಸ್ಸು ಬಂದು ಮತ್ತೊಮ್ಮೆ ಜಗ್ಗಿತು.

ಟೀವಿಯಲ್ಲಿ ಇದನ್ನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೂರು ಸಲ ನೋಡಿದ್ದ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಇವತ್ತು ಬಣ್ಣವಿಲ್ಲದೆ, ಸಂಗೀತವಿಲ್ಲದೆ, ಬರೀ ಪೆನ್ಸಿಲ್ ಗೆರೆಯಲ್ಲಿ ನೋಡಿದಾಗ ನಗು ಬರಲಿಲ್ಲ. ಅವತ್ತು ಉಪ್ಪು ತರಲು ಹೊರಟ ಆ ತಾಯಿ ಊಟ ಮಾಡುತ್ತಿದ್ದ ಅತಿಥಿಯನ್ನು ಒಳಗೇ ಬಿಟ್ಟು, ಅವನು ಕಿಟಕಿಯಿಂದ ನೋಡುತ್ತಿದ್ದಂತೆಯೇ, ಅಭ್ಯಾಸಬಲದಿಂದ ಬಾಗಿಲಿಗೆ ಬೀಗ ಜಡಿದು, ಎರಡು ಸಲ ಜಗ್ಗಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಜಗ್ಗಿದ್ದಳು. ಆಮೇಲೆ ಹಣೆ ಬಡಿದುಕೊಂಡು ಬೀಗ ತೆಗೆದು, "ನಿನ್ನನ್ನ ಒಳಗೇ ಕೂಡಿಹಾಕಿಬಿಡ್ತಿದ್ದೆನಲ್ಲಪ್ಪಾ!" ಎಂದು ನಕ್ಕು ಉಪ್ಪಿಗೆ ಹೋಗಿದ್ದಳು.

ಮಗಳು ಬರೆದದ್ದು ತಾಯಿಯನ್ನು. ಅದನ್ನು ಕಣ್ಣಾರೆ ಕಂಡ ಪತ್ತೇದಾರ ಹತ್ತೊಂಬತ್ತು ವರ್ಷ ಕುರುಡನಾಗಿದ್ದ. ಇವನಿಗೆ ಭೂತಗನ್ನಡಿ ಅಂತ ಹೆಸರು ಬೇರೆ ಕೇಡು!

"ಏನ್ ಸಾರ್, ಬೆವರ್ತಾ ಇದ್ದೀರಿ?" ಎಂದರು ವಕೀಲಮ್ಮ.

"ಯಜಮಾನರನ್ನ ಕರೆಸಿ," ಎಂದ.

* * *

ಯಜಮಾನ ನಗುವನ್ನು ಮುಂದೆ ಕಳಿಸಿ ತಾನು ಹಿಂದೆ ಬರುವ ಪೈಕಿ. "ಏನ್ರೀ ಪತ್ತೇದಾರರೇ, ನಮ್ಮ ಆಮೆ ಓಡಿಹೋಯ್ತಾ?"

"ನೀವೇ ಸ್ವಲ್ಪ ಓಡಿಸಿ ತೋರಿಸಿ ಸಾರ್. ಮೇಡಂ ನೋಡಿಲ್ವಂತೆ, ಅದನ್ನ ಹೇಗೆ ಬರೆಯೋದು ಅಂತ."

ಹೊಗಳಿಸಿಕೊಳ್ಳುವ ಸಂದರ್ಭ ಬಂದರೆ ಯಜಮಾನ ಬಿಡುವವನಲ್ಲ. ಕುರ್ಚಿ ಎಳೆದು ಕೂತ. ಬಲಗೈ ತಾನಾಗಿ ಪೆನ್ಸಿಲ್ ಎತ್ತಿಕೊಂಡಿತು. ಎಡಗೈ ಬೆರಳುಗಳು ಹಾಳೆಗಳ ಮೇಲಿನ ಎಡ ಮೂಲೆಗೆ ಹೋದವು. ಒಂದು ಮಗುಚಿ, ಒಂದು ಗೆರೆ. ಒಂದು ಮಗುಚಿ, ಒಂದು ಗೆರೆ. ಯಜಮಾನ ಹಾಗೆ ನಟಿಸಿ ತೋರಿಸಿದ ಅಷ್ಟೇ, ಹಾಳೆಗಳು ಮಾತು ಕೇಳಲಿಲ್ಲ. ಗರಿಗರಿಯಾಗಿ ಅಂಟಿಕೊಂಡು ಎರಡೆರಡು ಮೂರು ಮೂರು ಒಟ್ಟೊಟ್ಟಿಗೆ ಬಂದವು.

"ಯಾಕೋ ಹಟ ಮಾಡ್ತಿದೆ," ಎಂದು ನಕ್ಕ.

"ಆ ಮೂಲೆಯಲ್ಲಿ ಯಾರೂ ಮಗುಚೇ ಇಲ್ಲವಲ್ಲ ಸಾರ್, ಅದಕ್ಕೆ." ಭೂತಗನ್ನಡಿ ಕಟ್ಟನ್ನು ವಕೀಲಮ್ಮನ ಕಡೆ ತಿರುಗಿಸಿದ. "ನೋಡಿ ಮೇಡಂ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ತಾಳೆ ನೋಡ್ತಾ ನೋಡ್ತಾ ಬರೀಬೇಕು. ಒಂದು ಕೈ ಬರೆಯುತ್ತೆ, ಇನ್ನೊಂದು ಕೈ ಮಗುಚುತ್ತೆ. ಬಲಗೈಯವರು ಬರೆದ ಹಾಳೆಗೆ ಎಡ ಮೂಲೆ ಸವೆದಿರಬೇಕು. ಇದರಲ್ಲಿ ಎಡ ಮೂಲೆ ನೆಟ್ಟಗಿದೆ. ಬಲ ಮೂಲೆ ಮುಟ್ಟಿ ನೋಡಿ."

ವಕೀಲಮ್ಮ ಮುಟ್ಟಿದರು. ಬಲ ಮೂಲೆ ಹಳೆ ಬಟ್ಟೆಯ ಹಾಗೆ ಮೆತ್ತಗಿತ್ತು. ಪ್ರತಿ ಹಾಳೆಯಲ್ಲೂ ಅಲ್ಲೇ ಬೆರಳಿನಿಂದ ಹತ್ತಿದ ಪೆನ್ಸಿಲ್ ಪುಡಿಯ ಕಪ್ಪು.

"ಎಡಗೈಯವರು," ಎಂದರು ಮೆಲ್ಲಗೆ.

"ನಾನು ಮೊದಲು ಎರಡೂ ಕೈಯಲ್ಲಿ..." ಎಂದ ಯಜಮಾನ.

"ನಿಮ್ಮ ಬಲಗೈ ತಾನಾಗಿ ಪೆನ್ಸಿಲ್ ಎತ್ತಿದ್ದನ್ನ ಮೇಡಂ ಈಗ ನೋಡಿದ್ರು ಸಾರ್. ಇನ್ನೊಂದು ಕೇಳ್ತೀನಿ. ಆಮೆ ಬೀಗ ಯಾಕೆ ಮೂರನೇ ಸಲ ಜಗ್ಗುತ್ತೆ?"

"ಹೂಂ? ತಮಾಷೆಗೆ. ನಗಬೇಕಲ್ಲ ಜನ."

"ಅಷ್ಟೇನಾ?"

"ಮತ್ತಿನ್ನೇನಿರುತ್ತೆ?"

ಭೂತಗನ್ನಡಿ ವಕೀಲಮ್ಮನ ಮುಖ ನೋಡಿದ. ಯಜಮಾನನ ಮುಖದ ನಗು ನಿಧಾನವಾಗಿ ಇಳಿಯಿತು. ಅವನು ಹೆದರಿದ ಹಾಗೇನೂ ಕಾಣಲಿಲ್ಲ. ಎದ್ದುಹೋಗಿ ಕಪಾಟಿನಿಂದ ಒಂದು ಹಳದಿ ಫೈಲು ತಂದು, ವಕೀಲಮ್ಮನ ಮುಂದೆ ಇಟ್ಟ. ಮೊದಲೇ ತೆಗೆದಿಟ್ಟುಕೊಂಡಿದ್ದ ಅಂತ ತೋರುತ್ತದೆ, ಧೂಳು ಕೂಡ ಇರಲಿಲ್ಲ.

"ಎಡಗೈ ಅನ್ನೋ ಮಾತು ಇವರಿಗೆ ಹೊಸದಲ್ಲ ಮೇಡಂ. ಮೂರನೇ ಪುಟ ಓದಿ, ಸ್ವಲ್ಪ ಜೋರಾಗಿ."

ವಕೀಲಮ್ಮ ಓದಿದರು. "'ಸದರಿ ಚಿತ್ರಗಳು ಸ್ಟುಡಿಯೋದ ಸ್ವತ್ತು ಎಂಬುದರಲ್ಲಿ ಸಂಶಯವಿಲ್ಲ. ಆಪಾದಿತೆ ಹೇಳುವ ಹಾಳೆ ಇಲ್ಲವೇ ಇಲ್ಲ. ಆಕೆ ಸುಳ್ಳು ಹೇಳುತ್ತಿದ್ದಾಳೆ.'" ಕೆಳಗಿನ ಸಹಿ ನೋಡಿದರು. ತಲೆ ಎತ್ತಿ ಅವನನ್ನು ನೋಡಿದರು. "ಸಾರ್, ಇದು ನೀವಾ?"

ಭೂಮಿ ಬಾಯಿ ಬಿಟ್ಟರೆ ಇಳಿದುಹೋಗಬಹುದಿತ್ತು. ಆದರೆ ಅದು ಮೂರನೇ ಮಹಡಿ, ಅಲ್ಲಿ ಭೂಮಿಯೂ ಇರಲಿಲ್ಲ.

"ಹೌದು. ನಾನೇ."

"ಇದನ್ನ ನಮಗೆ ಹೇಳಲಿಲ್ಲ."

"ನಾಚಿಕೆಯಾಯ್ತು ಮೇಡಂ." ಅಷ್ಟು ವರ್ಷದಲ್ಲಿ ಆ ಮಾತನ್ನು ಅವನು ಯಾರ ಮುಂದೆಯೂ ಆಡಿರಲಿಲ್ಲ. "ಆ ವರದಿ ತಪ್ಪು. ನಾನು ಬರೆದ ತಪ್ಪು. ಅವಳು ನಿಜ ಹೇಳಿದ್ದಳು. ನಾನು ಬರೆದುಕೊಡ್ತೀನಿ, ಈಗಲೇ."

"ಬರೀರಿ, ಬರೀರಿ," ಯಜಮಾನ ಕುರ್ಚಿಗೆ ಒರಗಿದ. "ಹತ್ತೊಂಬತ್ತು ವರ್ಷದ ಹಿಂದೆ ಹಾಗೆ ಬರೆದೆ, ಇವತ್ತು ಹೀಗೆ ಬರೀತೀನಿ ಅಂತ. ಯಾವುದನ್ನ ನಂಬ್ತಾರೆ ಕಂಪನಿಯವರು? ಸವೆದ ಮೂಲೆ ಇಟ್ಕೊಂಡು ಎಡಗೈಯವರು ಅನ್ನಬಹುದು. ಯಾವ ಎಡಗೈ? ಲೋಕದಲ್ಲಿ ಒಬ್ಬಳೇನಾ ಇರೋದು? ನಲವತ್ತೆಂಟನೇ ಹಾಳೆ ಇದ್ರೆ ತನ್ನಿ, ಮಾತಾಡೋಣ."

ವಕೀಲಮ್ಮ ಇಬ್ಬರನ್ನೂ ನೋಡಿದರು. "ಅದು ಮಾತ್ರ ನಿಜ ಸಾರ್. ಹೆಸರಿರೋ ಹಾಳೆ ಇದ್ರೆ ನಾನೇ ನಿಂತು ಸಹಿ ನಿಲ್ಲಿಸ್ತೀನಿ. ಇಲ್ದಿದ್ರೆ ನನ್ನ ಕೈಲೇನೂ ಇಲ್ಲ. ನಾಲ್ಕು ಗಂಟೆವರೆಗೂ ಕಾಯ್ತೀನಿ."

ಭೂತಗನ್ನಡಿ ಬಾಗಿಲ ಹತ್ತಿರ ಹೋದಾಗ ಯಜಮಾನ ಹಿಂದಿನಿಂದ ಮೆತ್ತಗೆ ಕೇಳಿದ, "ಅಂದಹಾಗೆ, ಟ್ರಂಕಿನ ವಿಷಯ ನಿಮಗೆ ಹೇಳಿದ್ದು ನಾನಲ್ಲ ಅಲ್ವಾ? ಮನೆಯವರು ಚೆನ್ನಾಗಿದ್ದಾರಾ?"

* * *

ಮೆಟ್ಟಿಲ ಬಳಿ ಕಿಟಕಿಯೊಂದಿತ್ತು. ಕೆಳಗಿನ ಮಹಡಿಯಲ್ಲಿ ಸಾಲು ಸಾಲು ಕಂಪ್ಯೂಟರುಗಳ ಮುಂದೆ ಹುಡುಗ ಹುಡುಗಿಯರು ಕೂತಿದ್ದರು, ಪರದೆಗಳ ಮೇಲೆಲ್ಲ ಆಮೆ. ಈಗ ಯಾರೂ ಹಾಳೆ ಮಗುಚುವುದಿಲ್ಲ, ಯಾರೂ ಕುಂಚದಲ್ಲಿ ಬಣ್ಣ ಬಳಿಯುವುದಿಲ್ಲ.

ವರದಿ ಬರೆಯಲು ಬಿಳಿ ಹಾಳೆ ಬೇಕಿತ್ತು. ಅವನು ತನ್ನ ಚೀಲ ತೆಗೆದ. ಎಂದಿನಂತೆ ಹೆಂಡತಿಯೇ ಜೋಡಿಸಿದ್ದಳು: ಕಂಪನಿಯ ಕರಾರು, ಅದರ ಮೇಲೊಂದು ಬಟರ್ ಪೇಪರ್, ಫೋಟೋಗಳು, ಅದರ ಮೇಲೊಂದು ಬಟರ್ ಪೇಪರ್, ಬಿಳಿ ಹಾಳೆ, ಅದರ ಮೇಲೂ.

ಬಣ್ಣದ ಕೋಣೆಯಲ್ಲಿ ಕಲಿತ ಅಭ್ಯಾಸ. ಹಸಿ ಬಣ್ಣ ಒಂದಕ್ಕೊಂದು ಹತ್ತಬಾರದು ಅಂತ ಪ್ರತಿ ಚಿತ್ರಕ್ಕೂ ಹೊದಿಸುತ್ತಿದ್ದರಂತೆ. ಕೆಲಸ ಬಿಟ್ಟು ಇಷ್ಟು ವರ್ಷವಾದರೂ ಅವಳ ಕೈ ಬಿಟ್ಟಿರಲಿಲ್ಲ. ಮದುವೆ ಆಲ್ಬಮ್ಮಿಗೂ ಬಟರ್ ಪೇಪರ್, ಮಗಳ ಸರ್ಟಿಫಿಕೇಟಿಗೂ ಬಟರ್ ಪೇಪರ್. "ಕಾಗದಕ್ಕೆಲ್ಲಾ ದುಪ್ಪಟಿ ಹೊದಿಸ್ತೀಯಲ್ಲೇ, ಚಳಿಯಾಗುತ್ತಾ ಅದಕ್ಕೆ?" ಎಂದು ಎಷ್ಟು ಸಲ ರೇಗಿಸಿದ್ದ.

ಕಂಪನಿಗೆ ಬಂದ ಆ ಎರಡು ಸಾಲಿನ ಕಾಗದ ನೆನಪಾಯಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು.

ಆಮೆ ಟೀವಿಗೆ ಬಂದ ಕೂಡಲೇ ಅವಳು ಎದ್ದು ಅಡುಗೆಮನೆಗೆ ಹೋಗುತ್ತಿದ್ದದ್ದು ನೆನಪಾಯಿತು. ಆಮೆಯ ಚೀಲ ಬೇಕೆಂದು ಮಗಳು ಎರಡು ದಿನ ಅತ್ತರೂ ಕೊಡಿಸದೇ ಇದ್ದದ್ದು ನೆನಪಾಯಿತು. ಕಾರ್ಟೂನ್ ಅಂದರೆ ಅವಳಿಗೆ ಆಗಿಬರುವುದಿಲ್ಲ ಅಂದುಕೊಂಡಿದ್ದ.

ಫೋನು ಮಾಡಿದ. ಒಂದೇ ಸದ್ದಿಗೆ ಎತ್ತಿದಳು.

"ಗೊತ್ತಾಯ್ತೇನ್ರೀ?"

"ಕಾಗದ ಬರೆದದ್ದು ನೀನೇನಾ?"

"ಹ್ಞೂಂ."

"ನನಗೇ ಹೇಳಬಹುದಿತ್ತಲ್ಲೇ!"

"ಹೆಂಗೆ ಹೇಳ್ಲಿ? ದಿನಾ ಬೆಳಗ್ಗೆ ಆ ಚೌಕಟ್ಟಿನ ಧೂಳು ಒರೆಸ್ತಾ ಹೇಳೋಣ ಅಂದ್ಕೋತಿದ್ದೆ. ಅದರಲ್ಲಿ ನಿಮ್ಮ ಮುಖ ನೋಡಿದ್ರೆ ನಾಲಿಗೆ ಏಳ್ತಿರಲಿಲ್ಲ." ಅವಳ ದನಿ ನಡುಗುತ್ತಿತ್ತು. "ರೀ, ಅಕ್ಕ ಬಂದಿದ್ದಾಳೆ. ನಾನೇ ಹೋಗಿ ಕರ್ಕೊಂಡು ಬಂದೆ. ಊಟಕ್ಕೆ ಕೂರಿಸಿದ್ದೀನಿ. ಇಬ್ಬರಿಗೂ ಒಟ್ಟಿಗೇ ಹೇಳ್ಬೇಕು ಅಂತ ಫೋನು ಸ್ಪೀಕರ್‌ಗೆ ಹಾಕಿದ್ದೀನಿ."

"ಏನು ಹೇಳ್ಬೇಕು?"

"ನಲವತ್ತೆಂಟನೇ ಹಾಳೆ ನನ್ನ ಹತ್ರ ಇದೆ."

ಅವನು ಕಿಟಕಿಯ ಸರಳು ಹಿಡಿದುಕೊಂಡ.

"ನೀವು ಟ್ರಂಕು ತೆಗೆಯೋ ಹಿಂದಿನ ದಿನ ನಾನು ತೆಗೆದಿದ್ದೆ. ಅಕ್ಕನ ಮನೆ ನನಗೆ ಹೊಸದಾ? ಬಣ್ಣ ಬಳಿಯೋದು ಬಿಡಿಸಿ ಅವಳ ಮೇಜು ನನಗೆ ಕೊಡ್ತೀನಿ ಅಂದಿದ್ರು ಯಜಮಾನ್ರು. ಆಸೆ ಬಿದ್ದೆ. ಹಾಳೆ ಹರಿದು ಬಿಸಾಕು ಅಂದ್ರು, ಹರಿಯೋಕೆ ಕೈ ಬರಲಿಲ್ಲ. ಆಮೆಗೆ ಅಕ್ಕನ ಅಮ್ಮನದೇ ಮುಖ, ಹೆಂಗೆ ಹರೀಲಿ? ಮದುವೆ ಆಲ್ಬಮ್ಮಿನ ಹಿಂದೆ ಇಟ್ಟಿದ್ದೆ." ಅವಳು ಉಸಿರು ಎಳೆದುಕೊಂಡಳು. "ಅವತ್ತು ನೀವು ಹಿಡಿಯಬೇಕಾಗಿದ್ದ ಕಳ್ಳಿ ನಾನು ಕಣ್ರೀ."

ಆ ಕಡೆ ತಟ್ಟೆಯೊಂದನ್ನು ಪಕ್ಕಕ್ಕೆ ಸರಿಸಿದ ಸದ್ದು. ಕುರ್ಚಿ ಹಿಂದಕ್ಕೆ ಹೋದ ಸದ್ದು. ನಲ್ಲಿ ತಿರುಗಿಸಿ ಯಾರೋ ಕೈ ತೊಳೆದುಕೊಂಡರು, ಬಹಳ ಹೊತ್ತು.

ಫೋನಿನಲ್ಲಿ ಬೇರೆ ದನಿ ಬಂತು. ಹತ್ತೊಂಬತ್ತು ವರ್ಷದ ಮೇಲೂ ಅವನಿಗೆ ಗುರುತು ಹತ್ತಿತು.

"ಭೂತಗನ್ನಡಿಯವರಾ?"

ಅವನು ಫೋನನ್ನು ಕಿವಿಗೆ ಒತ್ತಿಕೊಂಡ.

"ನಮ್ಮಮ್ಮ ಸಾಯೋವರೆಗೂ ಒಂದೇ ಕೇಳ್ತಿದ್ದಳು. ಆ ಹುಡುಗ ಹೊಟ್ಟೆ ತುಂಬ ಉಂಡನಾ, ಉಪ್ಪು ತರೋಷ್ಟರಲ್ಲಿ ಎದ್ದುಬಿಟ್ನಲ್ಲ ಅಂತ. ನೀವ್ಯಾರು ಅಂತ ನಾನು ಅವಳಿಗೆ ಹೇಳಲೇ ಇಲ್ಲ."

"ಅಕ್ಕಾ, ನನ್ನದು ತಪ್ಪಾಯ್ತು..."

"ಫೋನಲ್ಲಿ ಬೇಡ. ಹಾಳೆ ನನ್ನ ಕೈಲಿದೆ. ನಾಲ್ಕು ಗಂಟೆಗೆ ಅಲ್ಲಿಗೆ ಬರ್ತೀನಿ. ಅವತ್ತು ಹನ್ನೆರಡು ಜನರ ಮುಂದೆ ನನ್ನನ್ನ ನಿಲ್ಲಿಸಿ ಕಳ್ಳಿ ಅಂದ್ರಿ. ಇವತ್ತು ಅಲ್ಲಿರೋ ಅಷ್ಟೂ ಜನರ ಮುಂದೆ ನಿಜವಾದ ಕಳ್ಳಿ ಯಾರು ಅಂತ ನೀವೇ ಹೇಳ್ಬೇಕು. ಬಾಯ್ತುಂಬ, ಹೆಸರು ಹಿಡಿದು. ಹೇಳಿದ್ರೆ ಹಾಳೆ ಮೇಜಿನ ಮೇಲಿಡ್ತೀನಿ. ಇಲ್ಲಾಂದ್ರೆ ಅಲ್ಲೇ ಹರಿದು ಹಾಕ್ತೀನಿ. ನನಗೆ ಆಮೆ ಇಲ್ದೆ ಬದುಕೋದು ಅಭ್ಯಾಸವಾಗಿದೆ."

ಹಿಂದೆ ಹೆಂಡತಿ ಬಿಕ್ಕುವುದು ಕೇಳಿಸಿತು. ಫೋನು ಕಟ್ಟಾಯಿತು.

ಕೋಣೆಯ ಬಾಗಿಲು ತೆರೆದು ವಕೀಲಮ್ಮ ಇಣುಕಿದರು. ಅವರ ಹೆಗಲ ಹಿಂದೆ ಯಜಮಾನ ನಿಂತಿದ್ದ, ನಗು ವಾಪಸ್ಸು ಬಂದಿತ್ತು.

"ಏನಾದ್ರೂ ಸುಳಿವು ಸಿಕ್ತಾ ಸಾರ್? ಯಾರದು ಫೋನು?"

ಭೂತಗನ್ನಡಿ ಬಿಳಿ ಹಾಳೆಯ ಮೇಲಿದ್ದ ಬಟರ್ ಪೇಪರನ್ನು ತೆಗೆದು, ನಾಲ್ಕಾಗಿ ಮಡಚಿ, ಜೇಬಿಗೆ ಹಾಕಿಕೊಂಡ.

"ಮನೆಯಿಂದ," ಎಂದ.